ಮರಳುಕೇರಿಯ ಒಂಬತ್ತು ಹೆಸರುಗಳು

ಧಾರವಾಡ
18 ನವೆಂಬರ್ 2024

ಪ್ರೀತಿಯ ಮಾವ,

ಹೋದ ವಾರ ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ಅತ್ತೆ ಎತ್ತಿ, ನಾನು ಹೇಳಿದ್ದನ್ನು ನಿಮ್ಮ ಕಿವಿಗೆ ಕೂಗಿ ದಾಟಿಸಿದರು. ನೀವು ಬೇರೆ ಯಾವುದಕ್ಕೋ ಉತ್ತರ ಕೊಟ್ಟಿರಿ. ಕಾಗದವೇ ಸರಿ ಎಂದು ಬರೆಯುತ್ತಿದ್ದೇನೆ. ನಿಮ್ಮ ಅಕ್ಷರ ನೋಡದೆಯೂ ಬಹಳ ದಿನಗಳಾದವು.

ಇಲಾಖೆ ನನ್ನನ್ನು ಹೊಸ ತಂಡವೊಂದಕ್ಕೆ ಹಾಕಿದೆ. ಆರು ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳು ತೆರೆದು ಮರೆತ ಬ್ಯಾಂಕ್ ಖಾತೆಗಳನ್ನು ಹುಡುಕಿ ಮುಚ್ಚಿಸುವುದು, ಹಣವನ್ನು ಖಜಾನೆಗೆ ಮರಳಿಸುವುದು ನಮ್ಮ ಕೆಲಸ. ಹುಡುಕಿದಷ್ಟೂ ಸಿಗುತ್ತಿವೆ. ಒಂದು ಕಡೆ ಬಾವಿ ತೋಡಿಸಲು ಹದಿನೈದು ವರ್ಷದ ಹಿಂದೆ ತೆಗೆದ ಹಣ ಹಾಗೇ ಇದೆ. ಬಾವಿ ಇಲ್ಲ, ಈಗ ಆ ಕಚೇರಿಯೂ ಇಲ್ಲ. ಇಂಥ ಹಣ ಸಾವಿರಾರು ಕಡೆ ಮಲಗಿರುವಾಗ ಸರ್ಕಾರ ಅತ್ತ ಬಡ್ಡಿಗೆ ಸಾಲ ತಂದು ಸಂಬಳ ಕೊಡುತ್ತದೆ. ಇನ್ನು ಮೇಲೆ ಕಚೇರಿಗಳ ಕೈಗೆ ಮುಂಚಿತವಾಗಿ ಹಣ ಕೊಡುವುದಿಲ್ಲ. ಕೆಲಸ ಮುಗಿದು ಬಿಲ್ಲು ಗಣಕಕ್ಕೆ ಏರಿದ ಮೇಲೆ, ಯಾರಿಗೆ ಸೇರಬೇಕೋ ಅವರ ಖಾತೆಗೆ ನೇರವಾಗಿ ಹೋಗುತ್ತದೆ.

ನಿಮ್ಮನ್ನೊಂದು ಕೇಳಬೇಕು. ಮಾರ್ಚ್ ಕೊನೆಯಲ್ಲಿ ಹಣ ತೆಗೆದು ಬ್ಯಾಂಕಿನಲ್ಲಿಡುವುದು ನಿಮ್ಮ ಕಾಲದಲ್ಲಿ ಹೇಗೆ ನಡೆಯುತ್ತಿತ್ತು? ಯಾರು ಹೇಳುತ್ತಿದ್ದರು, ಯಾರು ಸಹಿ ಹಾಕುತ್ತಿದ್ದರು? ಕುತೂಹಲಕ್ಕೆ ಕೇಳುತ್ತಿದ್ದೇನೆ, ಬೇರೆ ಕಾರಣವಿಲ್ಲ.

ಧನ್ಯಾ


ಕುಮಟಾ
25 ನವೆಂಬರ್ 2024

ಧನ್ಯಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿವೃತ್ತನಾಗಿ ಹತ್ತು ವರ್ಷವಾಯಿತು. ಕೆಲಸದ ಬಗ್ಗೆ ನನ್ನನ್ನು ಕೇಳಿದವಳು ನೀನೊಬ್ಬಳೇ. ನಿನ್ನ ಅತ್ತೆಗೂ ಓದಿ ಹೇಳಿದೆ. ಹುಡುಗಿಗೆ ಲೆಕ್ಕದ ಹುಚ್ಚು ನಿಮ್ಮಿಂದಲೇ ಅಂಟಿದ್ದು ಎಂದಳು. ಹೈಸ್ಕೂಲಿನಲ್ಲಿದ್ದಾಗ ರಜೆಗೆ ಬಂದು ನನ್ನ ಮೇಜಿನ ಮೇಲಿದ್ದ ನಗದು ಪುಸ್ತಕದಲ್ಲಿ ಕೂಡಿಸುವ ತಪ್ಪು ಹಿಡಿದವಳಲ್ಲವೇ ನೀನು.

ಮಾರ್ಚ್ ಮೂವತ್ತೊಂದರಂದು ನಮ್ಮ ಕಚೇರಿಗಳಲ್ಲಿ ಮದುವೆ ಮನೆಯ ಗದ್ದಲ. ಸಂಜೆಯೊಳಗೆ ಖರ್ಚಾಗದ ಹಣ ವಾಪಸ್. ವಾಪಸ್ ಹೋದದ್ದು ಮುಂದಿನ ವರ್ಷ ತಿರುಗಿ ಬರುತ್ತದೆಂದು ನಂಬಿದವರನ್ನು ನಾನು ಕಾಣೆ. ಅದಕ್ಕೇ ಆಗದ ಕೆಲಸವನ್ನು ಆಗಿದೆ ಎಂದು ಬರೆದು, ಹಣ ತೆಗೆದು, ಸಾಹೇಬರ ಹುದ್ದೆಯ ಹೆಸರಿನಲ್ಲಿ ಖಾತೆ ತೆರೆದು ಇಡುತ್ತಿದ್ದರು. ಕಳ್ಳರು ಹೀಗೆ ಮಾಡಿದ್ದಾರೆ, ಒಳ್ಳೆಯವರೂ ಹೀಗೇ ಮಾಡಿದ್ದಾರೆ. ಕಾಗದದ ಮೇಲೆ ಎರಡೂ ಒಂದೇ ತರಹ ಕಾಣುತ್ತದೆ. ನಿನ್ನ ತಂಡದವರು ಅದನ್ನು ತಿಳಿದಿರಲಿ.

ನೀವು ಮಾಡುತ್ತಿರುವುದು ಸರಿಯಾದ ಕೆಲಸ. ನಮ್ಮ ಕಾಲದಲ್ಲೇ ಆಗಬೇಕಿತ್ತು. ಇನ್ನೇನಾದರೂ ಕೇಳುವುದಿದ್ದರೆ ಸಂಕೋಚವಿಲ್ಲದೆ ಬರೆ. ಬೆಳಿಗ್ಗೆ ಪೇಪರು ಓದಿದ ಮೇಲೆ ನನಗೆ ಬೇರೆ ಉದ್ಯೋಗವಿಲ್ಲ.

ಸುಧಾಕರ ಮಾವ


ಧಾರವಾಡ
9 ಡಿಸೆಂಬರ್ 2024

ಮಾವ,

ನಿಮ್ಮ ಕಾಗದದಿಂದ ಉಪಯೋಗವಾಯಿತು.

2010ರಿಂದ 2012ರವರೆಗೆ ನೀವು ಹೊನ್ನಾವರದಲ್ಲಿ, ಕಡಲ ತಡೆಗೋಡೆಗೆಂದು ತೆರೆದಿದ್ದ ವಿಶೇಷ ಕಚೇರಿಯಲ್ಲಿ ಲೆಕ್ಕ ಅಧೀಕ್ಷಕರಾಗಿದ್ದಿರಿ ಎಂದು ನೆನಪು. ಆ ಕಚೇರಿಯನ್ನು ಮುಚ್ಚಿದಾಗ ಯಾವುದಾದರೂ ಬ್ಯಾಂಕ್ ಖಾತೆ ಉಳಿದಿತ್ತೇ? ಉಳಿದಿದ್ದರೆ ಯಾವ ಉದ್ದೇಶಕ್ಕೆ, ಎಷ್ಟು ಮೊತ್ತ, ಪಾಸ್‌ಬುಕ್ ಯಾರಲ್ಲಿದೆ, ಇಷ್ಟು ತಿಳಿದರೆ ಸಾಕು.

ನೆನಪಿರುವಷ್ಟನ್ನು ಬರೆಯಿರಿ. ಈ ತಿಂಗಳೊಳಗೆ ಬೇಕು.

ಧನ್ಯಾ


ಕುಮಟಾ
23 ಡಿಸೆಂಬರ್ 2024

ಧನ್ಯಾ,

ಕಿವಿಯ ಡಾಕ್ಟರ ಬಳಿ ಹೋಗಿದ್ದೆ. ಯಂತ್ರ ಹಾಕಿಕೊಂಡರೆ ಗಾಳಿಯ ಸದ್ದು ಮಾತ್ರ ದೊಡ್ಡದಾಗಿ ಕೇಳುತ್ತದೆ. ತೆಗೆದು ಡಬ್ಬಿಯಲ್ಲಿಟ್ಟಿದ್ದೇನೆ.

ತಡೆಗೋಡೆ ಕಚೇರಿಯಲ್ಲಿ ನಾನು ಇದ್ದದ್ದು ಸ್ವಲ್ಪ ಕಾಲ. ಹನ್ನೆರಡರ ಮೇ ತಿಂಗಳಲ್ಲಿ ಹಳಿಯಾಳಕ್ಕೆ ವರ್ಗವಾಯಿತು. ಆಮೇಲೆ ಬಂದವರು ಏನು ಮಾಡಿದರೋ ಗೊತ್ತಿಲ್ಲ. ಖಾತೆಯ ವಿಷಯ ನೆನಪಿಗೆ ಬರುತ್ತಿಲ್ಲ. ಮೇಲಿನವರು ಇಷ್ಟು ಖಾತೆ ಮುಚ್ಚಲೇಬೇಕು ಎಂದು ನಿನಗೆ ಗುರಿ ಕೊಟ್ಟಿರಬೇಕು. ಅದಕ್ಕಾಗಿ ಜೀವ ತೇಯಬೇಡ. ಸಣ್ಣಪುಟ್ಟದ್ದನ್ನು ಬಿಟ್ಟು ದೊಡ್ಡ ಮೊತ್ತಗಳನ್ನು ಹಿಡಿ.

ಬಂಗಡೆ ಮೀನು ಅಗ್ಗವಾಗಿದೆ. ನೀನು ಬಂದಿದ್ದರೆ ಆಗುತ್ತಿತ್ತು ಎಂದು ನಿನ್ನ ಅತ್ತೆ ದಿನಕ್ಕೊಮ್ಮೆ ಹೇಳುತ್ತಾಳೆ.

ಸುಧಾಕರ ಮಾವ


ಧಾರವಾಡ
6 ಜನವರಿ 2025

ಮಾವನವರಿಗೆ,

ಕುತೂಹಲಕ್ಕೆ ಕೇಳುತ್ತಿದ್ದೇನೆ ಎಂದು ಮೊದಲ ಕಾಗದದಲ್ಲಿ ಬರೆದದ್ದು ಸುಳ್ಳು. ಅದನ್ನು ಬರೆಯುವ ಮೊದಲೇ ಖಾತೆ ನನ್ನ ಕಣ್ಣಿಗೆ ಬಿದ್ದಿತ್ತು.

ಹೊನ್ನಾವರದ ಒಂದು ಬ್ಯಾಂಕಿನಲ್ಲಿ ತಡೆಗೋಡೆ ಕಚೇರಿಯ ಹೆಸರಿನ ಉಳಿತಾಯ ಖಾತೆ ಇದೆ. ತೆರೆದದ್ದು 31 ಮಾರ್ಚ್ 2012. ಈಗಿರುವ ಮೊತ್ತ ಐದು ಲಕ್ಷ ಐವತ್ತಾರು ಸಾವಿರದ ಎಂಟುನೂರ ಹನ್ನೆರಡು. ಎರಡು ಸಹಿಗಳಲ್ಲಿ ಒಂದು ಯೋಜನಾಧಿಕಾರಿಯದು, ಇನ್ನೊಂದು ನಿಮ್ಮದು. ಪತ್ರ ವ್ಯವಹಾರಕ್ಕೆ ಕೊಟ್ಟ ವಿಳಾಸ ಕಚೇರಿಯದಲ್ಲ, ಕುಮಟಾದ ನಿಮ್ಮ ಮನೆಯದು.

ಮೊದಲು ಅದರಲ್ಲಿ ಎಷ್ಟಿತ್ತು, ಎಷ್ಟು ತೆಗೆದಿದ್ದಾರೆ ಎಂದು ಬ್ಯಾಂಕಿನವರು ಇನ್ನೂ ತಿಳಿಸಿಲ್ಲ. ಹಳೆಯ ಪುಸ್ತಕಗಳು ಬೇರೆ ಊರಿನ ಗೋದಾಮಿನಲ್ಲಿವೆಯಂತೆ. ಅದು ಬರುವ ಮೊದಲು ನಿಮ್ಮಿಂದಲೇ ತಿಳಿಯಬೇಕೆಂದು ಕಾದೆ. ನೀವು ಬಂಗಡೆಯ ದರ ಬರೆದಿರಿ.

ಆ ವರ್ಷ ಜುಲೈಯಲ್ಲಿ ನಾನು ಎಂ.ಕಾಂ. ಸೇರಿದೆ. ಶುಲ್ಕ, ಹಾಸ್ಟೆಲು ಎಲ್ಲವನ್ನೂ ನೀವೇ ಕಟ್ಟಿದಿರಿ. ಅಪ್ಪ ಹೋದ ಮೇಲೆ ಅಮ್ಮನಿಗೆ ಅದು ಸಾಧ್ಯವಿರಲಿಲ್ಲ. ಎಲ್ಲಿಂದ ತಂದಿರಿ ಎಂದು ನಾನು ಆಗ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಧನ್ಯಾ


ಕುಮಟಾ
13 ಜನವರಿ 2025

ಧನ್ಯಾ,

ಈ ಕಾಗದವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಜೊತೆಯಲ್ಲಿ ಪಾಸ್‌ಬುಕ್ ಇದೆ. ನನ್ನ ಭವಿಷ್ಯನಿಧಿ ಮುಂಗಡದ ಮಂಜೂರಾತಿ ಪತ್ರದ ಪ್ರತಿಯೂ ಇದೆ, ಜೂನ್ 2012ರದು. ನಿನ್ನ ಶುಲ್ಕ ಬಂದದ್ದು ಅಲ್ಲಿಂದ. ಅನುಮಾನ ಬಂದದ್ದು ತಪ್ಪಲ್ಲ. ನಿನ್ನ ಜಾಗದಲ್ಲಿದ್ದರೆ ನನಗೂ ಬರುತ್ತಿತ್ತು.

ಇನ್ನು ಖಾತೆಯ ವಿಷಯ. ಮರಳುಕೇರಿಯಲ್ಲಿ ಕಡಲಿಗೆ ಕಲ್ಲಿನ ಗೋಡೆ ಕಟ್ಟಿದಾಗ ಮೀನುಗಾರರು ಮೀನು ಒಣಗಿಸುತ್ತಿದ್ದ ಜಾಗವೆಲ್ಲ ಕಲ್ಲಿನ ಅಡಿ ಹೋಯಿತು. ಮೂವತ್ತೊಂದು ಕುಟುಂಬಗಳಿಗೆ ತಲಾ ನಲವತ್ತು ಸಾವಿರ ಪರಿಹಾರ ಮಂಜೂರಾಯಿತು. ಇಪ್ಪತ್ತೆರಡು ಕುಟುಂಬಗಳಿಗೆ ಫೆಬ್ರವರಿಯಲ್ಲೇ ಚೆಕ್ಕು ಕೊಟ್ಟೆವು. ಉಳಿದ ಒಂಬತ್ತು ಹೆಸರುಗಳು ರೇಷನ್ ಕಾರ್ಡಿನ ಹೆಸರಿಗೆ ಹೊಂದಲಿಲ್ಲ. ಅಕ್ಷರ ತಪ್ಪು, ಅಪ್ಪನ ಹೆಸರು ತಪ್ಪು, ಹೀಗೆ. ತಿದ್ದಿಸುವಷ್ಟರಲ್ಲಿ ಮಾರ್ಚ್ ಮೂವತ್ತೊಂದು ಬಂತು.

ಹಣ ಹಿಂದಿರುಗಿಸಿ, ಮುಂದಿನ ವರ್ಷ ಕೇಳಿ ತರಿಸಿದರಾಯಿತು ಎಂದರು ಯೋಜನಾಧಿಕಾರಿ. ಮುಂದಿನ ವರ್ಷ ಆ ಕಚೇರಿಯೇ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೂವತ್ತೊಂದು ಕುಟುಂಬಗಳಿಗೂ ಪಾವತಿಯಾಗಿದೆ ಎಂಬ ಪ್ರಮಾಣಪತ್ರವನ್ನು ನಾನೇ ಬರೆದೆ. ಅವರನ್ನು ಒಪ್ಪಿಸಿ ಸಹಿ ಹಾಕಿಸಿದ್ದೂ ನಾನೇ. ಮೂರು ಲಕ್ಷ ಅರವತ್ತು ಸಾವಿರ ತೆಗೆದು ಆ ಖಾತೆಗೆ ಹಾಕಿದೆವು. ಕಚೇರಿ ಮುಚ್ಚಿದರೂ ಬ್ಯಾಂಕಿನ ಕಾಗದ ತಪ್ಪಿಹೋಗಬಾರದೆಂದು ಮನೆಯ ವಿಳಾಸ ಕೊಟ್ಟೆ. ಒಳ್ಳೆಯ ಕೆಲಸ ಮಾಡಿದೆನೆಂಬ ಖುಷಿಯಲ್ಲಿ ಅಂದು ಕುಮಟಾ ಬಸ್ಸು ಹತ್ತಿದೆ.

ಎರಡು ತಿಂಗಳಿಗೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದವರಿಗೆ ಹೇಳಬೇಕಿತ್ತು. ಹೇಳಿದರೆ ಸುಳ್ಳು ಪ್ರಮಾಣಪತ್ರ ಹೊರಗೆ ಬರುತ್ತದೆ. ನಿವೃತ್ತಿಗೆ ಎರಡೇ ವರ್ಷವಿತ್ತು, ಪಿಂಚಣಿ ನಿಲ್ಲುತ್ತದೆಂದು ಹೆದರಿದೆ. ನಿವೃತ್ತನಾದ ಮೇಲೂ ಹೆದರಿದೆ. ಯೋಜನಾಧಿಕಾರಿ 2017ರಲ್ಲಿ ತೀರಿಕೊಂಡರು. ಆಮೇಲೆ ಆ ಪಾಸ್‌ಬುಕ್ ಬಗ್ಗೆ ತಿಳಿದವನು ನಾನೊಬ್ಬನೇ. ಒಂದು ರೂಪಾಯಿಯನ್ನೂ ಮುಟ್ಟಿಲ್ಲ. ಮುಟ್ಟಬೇಕಾದವರಿಗೆ ಮುಟ್ಟಿಸಲೂ ಇಲ್ಲ.

ನೆನಪಿಲ್ಲ ಎಂದು ನಿನಗೆ ಬರೆದೆನಲ್ಲ, ಅಂದು ಬೆಳಿಗ್ಗೆಯೇ ಪಾಸ್‌ಬುಕ್ಕನ್ನು ಪೆಟ್ಟಿಗೆಯಿಂದ ತೆಗೆದು ನೋಡಿದ್ದೆ.

ಸುಧಾಕರ


ಧಾರವಾಡ
22 ಜನವರಿ 2025

ಮಾವ,

ಪಾಸ್‌ಬುಕ್ ತಲುಪಿತು. ಬ್ಯಾಂಕಿನ ಹಳೆಯ ಲೆಕ್ಕವೂ ಬಂತು, ಎರಡೂ ಹೊಂದುತ್ತವೆ.

ನಾನು ನಿಮ್ಮ ಅಕ್ಕನ ಮಗಳು ಎಂದು ಮೇಲಧಿಕಾರಿಗೆ ಬರೆದುಕೊಟ್ಟೆ. ಈ ಖಾತೆಯ ಕಡತವನ್ನು ಇನ್ನೊಬ್ಬರಿಗೆ ವಹಿಸಿದ್ದಾರೆ. ನಿಮ್ಮ ಕಾಗದವನ್ನೂ ಕೊಟ್ಟಿದ್ದೇನೆ, ನಿಮ್ಮನ್ನು ಕೇಳದೆ. ಅದರ ಮೇಲೆ ವಿಚಾರಣೆ ನಡೆಯುತ್ತದೆ. ಇದನ್ನು ಅತ್ತೆಗೆ ಹೇಗೆ ಹೇಳುವುದು ಎಂಬುದನ್ನು ನೀವೇ ಯೋಚಿಸಿ.

ಖಾತೆ ಈ ತಿಂಗಳ ಮೂವತ್ತೊಂದಕ್ಕೆ ಮುಚ್ಚುತ್ತದೆ. ಅಸಲು, ಬಡ್ಡಿ ಎಲ್ಲವೂ ಖಜಾನೆಗೆ. ಒಂಬತ್ತು ಜನರಿದ್ದಾರೆ, ಸ್ವಲ್ಪ ನಿಲ್ಲಿಸಿ ಎಂದು ಕೇಳಲು ನನಗೆ ಬರುವುದಿಲ್ಲ. ಪ್ರತಿ ಖಾತೆಯ ಹಿಂದೆಯೂ ಇಂಥ ಯಾರೋ ಇರುತ್ತಾರೆ. ಆದರೆ ದಾರಿ ಇದೆ. ಮೀನುಗಾರಿಕೆ ಇಲಾಖೆಯಲ್ಲಿ ಇಂಥ ಪರಿಹಾರಕ್ಕೆ ಈ ವರ್ಷ ಅವಕಾಶವಿದೆ, ಮಾರ್ಚ್ ಕೊನೆಯವರೆಗೆ. ಹೊನ್ನಾವರದಲ್ಲಿ ವಿನೋದ ಎಂಬ ಅಧಿಕಾರಿ ಇದ್ದಾರೆ. ಒಂಬತ್ತೂ ಜನರ ಆಧಾರ್, ಬ್ಯಾಂಕ್ ಖಾತೆ, ಮಂಜೂರಾತಿಯ ಹೆಸರು ಹೊಂದಿದರೆ ಅವರು ಬಿಲ್ಲು ಏರಿಸುತ್ತಾರೆ. ಆಮೇಲೆ ಯಾರ ಮರ್ಜಿಯೂ ಬೇಕಿಲ್ಲ.

ಮಂಜೂರಾತಿಯ ಪಟ್ಟಿ ನಿಮ್ಮಲ್ಲಿದ್ದರೆ ಅವರಿಗೆ ಕಳಿಸಿ. ನೀವು ಮರಳುಕೇರಿಗೆ ಹೋಗಬೇಡಿ. ವಿಚಾರಣೆ ಎದುರಿಸುವವರು ಅಲ್ಲಿ ಓಡಾಡಿದರೆ ಸಾಕ್ಷಿ ತಿದ್ದಲು ಹೋದ ಹಾಗೆ ಕಾಣುತ್ತದೆ.

ಮುಂಗಡದ ಕಾಗದವನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.

ಧನ್ಯಾ


ಕುಮಟಾ
10 ಫೆಬ್ರವರಿ 2025

ಧನ್ಯಾ,

ಹೋಗಬೇಡಿ ಎಂದು ನೀನು ಬರೆದೆ. ಹೋದೆ. ಏನು ಕಂಡೆ ಎಂಬುದನ್ನು ಇದ್ದ ಹಾಗೇ ಬರೆಯುತ್ತೇನೆ. ಬೇಕಿದ್ದರೆ ಇದನ್ನೂ ಕಡತಕ್ಕೆ ಸೇರಿಸು.

ವಿನೋದರಿಗೆ ಪಟ್ಟಿ ಕೊಟ್ಟೆ. ಅವರ ಕಚೇರಿಯಲ್ಲಿ ಇರುವುದು ಇಬ್ಬರು. ತಾಲೂಕಿನ ಇಡೀ ಕರಾವಳಿ ಅವರ ಪಾಲಿಗೆ. ಜೊತೆಗೆ ಬಂದು ಮನೆ ತೋರಿಸುತ್ತೀರಾ ಎಂದು ಕೇಳಿದ್ದು ಅವರೇ. ಒಂಬತ್ತರಲ್ಲಿ ಆರು ಮಂದಿ ಅಲ್ಲೇ ಇದ್ದಾರೆ. ಆಗ ತಪ್ಪಿದ್ದದ್ದು ರೇಷನ್ ಕಾರ್ಡು, ಅವರ ಆಧಾರಿನಲ್ಲಿ ಹೆಸರು ಪಟ್ಟಿಯಲ್ಲಿರುವ ಹಾಗೇ ಇದೆ. ಚೌಡ ಮೊಗೇರ ತೀರಿಕೊಂಡಿದ್ದಾನೆ, ಮಗ ರಾಜೇಶ ಇದ್ದಾನೆ. ಬಂಗಾರಿ ಎಂಬವಳೂ ಇಲ್ಲ. ಅವಳ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಭಟ್ಕಳದಲ್ಲಿ, ಇನ್ನೊಬ್ಬಳು ಮಲ್ಪೆಯಲ್ಲಿ. ಇಬ್ಬರಿಗೂ ಮಾತುಕತೆ ಇಲ್ಲವಂತೆ. ಒಂಬತ್ತನೆಯ ಹೆಸರು ಪಟ್ಟಿಯಲ್ಲಿ ಮಾಸ್ತಿ ಜಟ್ಟ ಮೊಗೇರ ಎಂದಿದೆ. ಆ ಹೆಸರಿನ ಗಂಡಸು ಕೇರಿಯಲ್ಲಿಲ್ಲ. ಇರುವುದು ಮಾಸ್ತಮ್ಮ, ಜಟ್ಟನ ಹೆಂಡತಿ.

ಮಾಸ್ತಮ್ಮ ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಮೀನು ಒಣಹಾಕಿದ್ದಳು. ನನಗೆ ಕಿವಿ ಮಂದ ಎಂದು ವಿನೋದ ಹೇಳಿದರು. ಆಮೇಲೆ ಅವಳು ಮಾತಾಡಿದ್ದೆಲ್ಲ ಕೂಗಿಯೇ. ಮೀನು ಮಾರುವವಳ ದನಿ, ನನಗೆ ಒಂದಕ್ಷರವೂ ತಪ್ಪಲಿಲ್ಲ. ಕೇರಿಗೂ ತಪ್ಪಲಿಲ್ಲ. ಜನ ಒಬ್ಬೊಬ್ಬರಾಗಿ ಬಂದು ನಿಂತರು.

ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಅವಳು ಮೀನು ತಿರುವುವುದನ್ನು ನಿಲ್ಲಿಸಲಿಲ್ಲ.

"ಅಂದ್ರೆ ದುಡ್ಡು ಬಂದಿತ್ತಾ?"

"ಬಂದಿತ್ತು."

"ಎಲ್ಲಿತ್ತು ಇಷ್ಟ್ ವರ್ಷ?"

ಯಾವ ಬ್ಯಾಂಕು ಎಂದು ಹೇಳಿದೆ. ಆಗ ಅವಳ ಕೈ ನಿಂತಿತು.

"ಹದ್ನೆಂಟ್ ವರ್ಷ ಆತು, ಆ ಬ್ಯಾಂಕಿನ ಮೆಟ್ಲ ಹತ್ರನೇ ನಾ ಬುಟ್ಟಿ ಇಟ್ಕಂಡು ಕೂತ್ಕಂತೆ," ಎಂದಳು.

ಅವಳೇ ಮುಂದುವರಿಸಿದಳು. 2013ರ ಮಳೆಗಾಲ ಕಳೆದ ಮೇಲೆ ದೋಣಿಯ ಇಂಜಿನ್ನು ಕೆಟ್ಟಿತಂತೆ. ರಿಪೇರಿಗೆ ಮೂವತ್ತೈದು ಸಾವಿರ ಕೇಳಿದರು. ಸಿಗಲಿಲ್ಲ. ದೋಣಿ ಮಾರಿ ಜಟ್ಟ ಬೇರೆಯವರ ಬೋಟಿಗೆ ಆಳಾಗಿ ಮಲ್ಪೆಗೆ ಹೋದ. ಆರು ವರ್ಷ ದುಡಿದು ಬೆನ್ನು ಕೆಡಿಸಿಕೊಂಡು ಬಂದು ಮನೆಯಲ್ಲಿದ್ದಾನೆ. ಇದನ್ನೆಲ್ಲ ಅವಳು ಮೀನಿನ ದರ ಹೇಳಿದ ಹಾಗೆ ಹೇಳಿದಳು, ದೂರಿನ ಹಾಗಲ್ಲ.

"ನಿಮ್ಗೆ ಗೊತ್ತಿತ್ತಲ್ಲ, ಮತ್ತೆ ಎಂತಕ್ಕೆ ಬರ್ಲಿಲ್ಲ? ಕುಮಟಾ ಎಂತ ದೂರವಾ?"

ಹೆದರಿದ್ದೆ ಎಂದೆ.

"ಯಾರಿಗೆ?" ಎಂದು ಕೇಳಿದಳು.

ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. ಸರಿಯಾದ ಉತ್ತರ ನನ್ನ ಬಾಯಿಗೆ ಬರಲಿಲ್ಲ. ಅಲ್ಲಿ ನಿಂತಿದ್ದವರಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬ ಮುದುಕ ಕುರ್ಚಿ ತಂದು ಹಾಕಿದ. ಅದರಲ್ಲಿ ಕೂರಲು ನನ್ನಿಂದಾಗಲಿಲ್ಲ.

ಮನೆಗೆ ಬಂದು ನಿನ್ನ ಅತ್ತೆಗೆ ಎಲ್ಲ ಹೇಳಿದೆ. ಮೂರನೆಯ ದಿನ, ನಲವತ್ತು ಸಾವಿರ ಅಂದ್ರೆ ಆಗ ನಿಮ್ಮ ಒಂದೂವರೆ ತಿಂಗಳ ಸಂಬಳ ಅಲ್ವಾ ಎಂದಳು.

ಸುಧಾಕರ


ಧಾರವಾಡ
24 ಫೆಬ್ರವರಿ 2025

ಮಾವ,

ನಿಮ್ಮ ಕಾಗದವನ್ನು ಕಡತಕ್ಕೆ ಸೇರಿಸಿಲ್ಲ. ಸೇರಿಸಬೇಕಿತ್ತೋ ಏನೋ. ಕಡತಕ್ಕೆ ಸೇರಬೇಕಾದ ಕಾಗದವೊಂದನ್ನು ಮೊದಲ ಬಾರಿಗೆ ತಡೆದಿಟ್ಟುಕೊಂಡಿದ್ದೇನೆ, ಅದು ನನಗೆ ಸರಿಯೆನಿಸುತ್ತಿಲ್ಲ.

ಖಾತೆ ಮುಚ್ಚಿತು. ವಿನೋದ ಏಳು ಬಿಲ್ಲುಗಳನ್ನು ಏರಿಸಿದ್ದಾರೆ, ರಾಜೇಶನದೂ ಸೇರಿ. ಬಂಗಾರಿಯ ಮಕ್ಕಳು ಒಟ್ಟಿಗೆ ಬಂದು ವಾರಸಾ ಪತ್ರ ಕೊಟ್ಟರೆ ಮಾತ್ರ ಅವರದು ಆಗುತ್ತದೆ.

ಮಾಸ್ತಮ್ಮನ ಬಿಲ್ಲು ಎರಡು ಸಲ ಹಿಂದೆ ಬಂತು. ಮಂಜೂರಾತಿಯಲ್ಲಿ ಮಾಸ್ತಿ, ಪುರುಷ ಎಂದಿದೆ. ಆಧಾರಿನಲ್ಲಿ ಮಾಸ್ತಮ್ಮ, ಸ್ತ್ರೀ. ಗಣಕ ಒಪ್ಪುವುದಿಲ್ಲ. ಕಳ್ಳ ಹೆಸರುಗಳನ್ನು ತಡೆಯಲೆಂದು ನಾವೇ ಹಾಗೆ ಮಾಡಿಸಿದ್ದು, ಆ ನಿಯಮದ ಕರಡು ಬರೆದವರಲ್ಲಿ ನಾನೂ ಒಬ್ಬಳು. ಇಂಥದ್ದಕ್ಕೆ ತಿದ್ದುಪಡಿಯ ದಾರಿ ಬೇಕು ಎಂದು ಟಿಪ್ಪಣಿ ಕಳಿಸಿದ್ದೇನೆ. ಮುಂದಿನ ವರ್ಷ ನೋಡೋಣ ಎಂದಿದ್ದಾರೆ.

ಈಗ ಉಳಿದದ್ದು ತಹಶೀಲ್ದಾರರ ಪ್ರಮಾಣಪತ್ರ. ಪಟ್ಟಿಯ ಮಾಸ್ತಿಯೂ ಈ ಮಾಸ್ತಮ್ಮನೂ ಒಬ್ಬರೇ ಎಂದು ಅವರು ಬರೆದುಕೊಡಬೇಕು. ಹಳೆಯ ಪರಿಚಯ ಹಿಡಿದು ಬಾಗಿಲ ಹಿಂದಿನಿಂದ ಮಾಡಿಸಬೇಡಿ. ಸಾಲಿನಲ್ಲಿ ನಿಂತೇ ಮಾಡಿಸಿ. ಮಾರ್ಚ್ ಮೂವತ್ತೊಂದಕ್ಕೆ ಇನ್ನು ಐದೇ ವಾರ.

ಹೋದದ್ದು ತಪ್ಪು ಎಂದು ಬರೆಯಲು ಕೂತಿದ್ದೆ. ಬರೆಯಲಾಗುತ್ತಿಲ್ಲ.

ಧನ್ಯಾ


ಕುಮಟಾ
20 ಮಾರ್ಚ್ 2025

ಧನ್ಯಾ,

ಆತು. ನಿನ್ನೆ ಬಿಲ್ಲು ಏರಿತು, ಈ ಸಲ ಹಿಂದೆ ಬಂದಿಲ್ಲ.

ತಹಶೀಲ್ದಾರರ ಕಚೇರಿಯಲ್ಲಿ ಮೂರು ದಿನ ಸಾಲಿನಲ್ಲಿ ನಿಂತೆವು, ನಾನೂ ಮಾಸ್ತಮ್ಮನೂ. ಅಷ್ಟೂ ದಿನ ಅವಳ ಮೀನಿನ ವ್ಯಾಪಾರವಿಲ್ಲ. ಮೂರನೆಯ ದಿನ ಗುಮಾಸ್ತ ಗಣಕ ನೋಡಿ, ಭಟ್ಕಳದ ಕಡೆ ಜಾಲಿಯಲ್ಲಿ ಮಾಸ್ತಿ ಜಟ್ಟ ಮೊಗೇರ ಎಂಬ ಗಂಡಸು ನಿಜವಾಗಿಯೂ ಇದ್ದಾನೆ, ಈ ಹಣ ಅವನದಲ್ಲವೆಂದು ಹೇಗೆ ಹೇಳುವುದು ಎಂದ. ಕೇಳಿದ್ದು ಸರಿಯೇ. ಅವನ ಕುರ್ಚಿಯಲ್ಲಿದ್ದರೆ ನಾನೂ ಕೇಳುತ್ತಿದ್ದೆ. ಮಾಸ್ತಮ್ಮ ಮಾತ್ರ, ಮಾಸ್ತಿ ಅಂದ್ರೆ ಗಂಡು ಹೆಸ್ರು, ನಂಗೆ ಎಂತಕ್ಕೆ ಇಟ್ರು ಅದ್ನ ಎಂದು ಇಡೀ ಕಚೇರಿಗೆ ಕೇಳುವ ಹಾಗೆ ಕೇಳಿದಳು. ಇಟ್ಟದ್ದು ನಮ್ಮ ಕಚೇರಿ. ಪಟ್ಟಿಯ ಕೊನೆಯಲ್ಲಿ ತಪಾಸಣೆ ಮಾಡಿದೆ ಎಂಬ ಸಹಿ ನನ್ನದು.

ಜಾಲಿಗೆ ಹೋದೆವು. ಆ ಮಾಸ್ತಿ ಐವತ್ತು ದಾಟಿದವನು. ಬೋಟಿನಿಂದ ಇಳಿದು ಬಂದಿದ್ದ. ಮಂಜೂರಾತಿಯ ಕಾಗದದಲ್ಲಿ ಅವನ ಹೆಸರು, ಅವನ ಅಪ್ಪನ ಹೆಸರು, ಗಂಡಸೆಂಬ ಗುರುತು ಎಲ್ಲ ಸರಿಯಾಗಿಯೇ ಇತ್ತು. ಹಣ ನನ್ನದೇ ಎಂದು ಅವನು ಹೇಳಿದ್ದರೆ ಗಣಕ ಮರುಮಾತಿಲ್ಲದೆ ಅವನಿಗೆ ಕೊಡುತ್ತಿತ್ತು. ಅದನ್ನೂ ಅವನಿಗೆ ಹೇಳಿದೆ. ಹೇಳದೆ ಸಹಿ ಹಾಕಿಸಿಕೊಳ್ಳಲು ಮನಸ್ಸು ಬರಲಿಲ್ಲ. ಮಾಸ್ತಮ್ಮ ನನ್ನನ್ನು ತಿನ್ನುವ ಹಾಗೆ ನೋಡಿದಳು.

ಅವನು ಕಾಗದವನ್ನು ಹೆಂಡತಿಗೆ ಕೊಟ್ಟು ಓದಿಸಿದ. ಆಮೇಲೆ ಕೇಳಿದ: "ಗೋಡೆ ಕಟ್ಟಿದ್ದು ಅಲ್ಲಿ ಅಲ್ವಾ?" ಹೌದೆಂದೆ. "ನನ್ ಜಾಗ ಹೋಗ್ಲಿಲ್ಲ, ನಂಗೆ ಎಂತಕ್ಕೆ?" ಎಂದು ಮಾರನೆಯ ದಿನದ ಕೂಲಿ ಬಿಟ್ಟು ಹೊನ್ನಾವರಕ್ಕೆ ಬಂದು ತಹಶೀಲ್ದಾರರ ಎದುರು ಹೇಳಿಕೆ ಕೊಟ್ಟ. ಬಸ್ಸಿನ ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಮಾಸ್ತಮ್ಮ ಕೊಟ್ಟ ಒಣಮೀನಿನ ಕಟ್ಟು ತೆಗೆದುಕೊಂಡ.

ಬಂಗಾರಿಯ ಮಕ್ಕಳಿಗೆ ತಲಾ ಎರಡು ಕಾಗದ ಬರೆದೆ. ಮಲ್ಪೆಯವಳು ಬರುತ್ತೇನೆಂದಳು. ಭಟ್ಕಳದವಳು, ಅವಳು ಬಂದರೆ ನಾನು ಬರುವುದಿಲ್ಲ ಎಂದಳು.

ಸುಧಾಕರ


ಧಾರವಾಡ
4 ಏಪ್ರಿಲ್ 2025

ಪ್ರೀತಿಯ ಮಾವ,

ಏಳು ಜನರಿಗೆ ಫೆಬ್ರವರಿ ಇಪ್ಪತ್ತೆಂಟರಂದು, ಮಾಸ್ತಮ್ಮನಿಗೆ ಮಾರ್ಚ್ ಇಪ್ಪತ್ತಾರರಂದು ಹಣ ಜಮೆಯಾಗಿದೆ. ಬಂಗಾರಿಯ ಪಾಲು ಮೂವತ್ತೊಂದಕ್ಕೆ ರದ್ದಾಯಿತು. ಈ ವರ್ಷ ಹೊಸದಾಗಿ ಕೇಳಬೇಕು.

ನಮ್ಮ ತಂಡದ ವರದಿಯಲ್ಲಿ ಮರಳುಕೇರಿಯನ್ನು ಯಶಸ್ಸಿನ ಉದಾಹರಣೆಯಾಗಿ ಹಾಕಿದ್ದಾರೆ. ಹದಿಮೂರು ವರ್ಷ ಸಿಗದ ಪರಿಹಾರ ಹೊಸ ವ್ಯವಸ್ಥೆಯಲ್ಲಿ ಏಳೇ ದಿನಕ್ಕೆ ಸಿಕ್ಕಿತು ಎಂದಿದೆ. ಬಿಲ್ಲು ಏರಿದ ದಿನದಿಂದ ಎಣಿಸಿದರೆ ಅದು ಸತ್ಯ. ಮೂರು ದಿನದ ಸಾಲು, ಜಾಲಿಯ ಮಾಸ್ತಿ, ಇವನ್ನು ಬರೆಯಲು ಆ ನಮೂನೆಯಲ್ಲಿ ಜಾಗವಿಲ್ಲ. ಮರಳುಕೇರಿಗೂ ಜಾಲಿಗೂ ಹೋದದ್ದನ್ನು ಬರೆದ ನಿಮ್ಮ ಎರಡು ಕಾಗದಗಳನ್ನು ನಿನ್ನೆ ನನ್ನ ಟಿಪ್ಪಣಿಗೆ ಲಗತ್ತಿಸಿ ಮತ್ತೆ ಕಳಿಸಿದೆ. ಹೆಸರಿನ ತಿದ್ದುಪಡಿಯ ದಾರಿಯನ್ನು ಈ ವರ್ಷವೇ ಮಾಡಬೇಕೆಂದು ಕೇಳಿದ್ದೇನೆ. ಇಂದು ಬೆಳಿಗ್ಗೆ ಮೇಲಧಿಕಾರಿ ಕರೆದು, ಕಿವಿ ಕೇಳದ ಈ ಹಿರಿಯರು ಯಾರಮ್ಮ ಎಂದರು. ಅವರಿಗೆ ಗೊತ್ತಿತ್ತು, ಮರೆತಿದ್ದರು.

ಜನವರಿಯಲ್ಲಿ ಶುಲ್ಕದ ಬಗ್ಗೆ ಬರೆದ ಮೇಲೆ ಒಂದು ವಾರ ನನಗೆ ಊಟ ಸೇರಲಿಲ್ಲ. ನಿಮ್ಮ ಉತ್ತರ ಬೇರೆ ಇದ್ದಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು. ಅಮ್ಮನಿಗೆ ಇಂದಿಗೂ ಹೇಳಿಲ್ಲ.

ಬಡ್ಡಿ ಒಂದು ಲಕ್ಷ ತೊಂಬತ್ತಾರು ಸಾವಿರದ ಎಂಟುನೂರ ಹನ್ನೆರಡು ಖಜಾನೆಯಲ್ಲೇ ಉಳಿಯಿತು. ಅದನ್ನು ಆ ಒಂಬತ್ತು ಮನೆಗಳಿಗೆ ಕೊಡಲು ನಿಯಮವಿಲ್ಲ. ಹುಡುಕಿದೆ.

ವಿಚಾರಣೆಯ ನೋಟೀಸು ಮೇ ತಿಂಗಳಲ್ಲಿ ಬರಬಹುದು.

ಧನ್ಯಾ


ಕುಮಟಾ
25 ಆಗಸ್ಟ್ 2025

ಧನ್ಯಾ,

ವಿಚಾರಣೆ ಮುಗಿಯಿತು. ಕಾರವಾರಕ್ಕೆ ಎರಡು ಸಲ ಕರೆಸಿದರು. ಪ್ರಶ್ನೆಗಳನ್ನು ಬರೆದು ತೋರಿಸಿದರು, ನಾನೂ ಬರೆದು ಉತ್ತರಿಸಿದೆ. ಪ್ರಮಾಣಪತ್ರ ಸುಳ್ಳೇ? ಹೌದು. ಯಾರು ಬರೆದದ್ದು? ನಾನು. ಯೋಜನಾಧಿಕಾರಿ ಹೇಳಿ ಬರೆಸಿದರೇ? ಇಲ್ಲ, ಅವರನ್ನು ಒಪ್ಪಿಸಿದ್ದು ನಾನು. ಸತ್ತವರ ಮೇಲೆ ಹಾಕಲು ಅವಕಾಶ ಕೊಟ್ಟ ಹಾಗಿತ್ತು. ಬೇಡವೆನಿಸಿತು.

ಆದೇಶ ಮೊನ್ನೆ ತಲುಪಿತು. ಎರಡೇ ಪುಟ. ಘಟನೆ ನಡೆದು ನಾಲ್ಕು ವರ್ಷ ದಾಟಿದ ಮೇಲೆ ನಿವೃತ್ತನ ಮೇಲೆ ಕ್ರಮ ಜರುಗಿಸಲು ಬರುವುದಿಲ್ಲವೆಂದು ಕಡತ ಮುಕ್ತಾಯಗೊಳಿಸಿದ್ದಾರೆ. ಈ ನಿಯಮ ನನಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡ. ಅದನ್ನು ಓದಿ ಎಷ್ಟೋ ಜನರ ಪಿಂಚಣಿ ಬಿಡಿಸಿದವನು ನಾನು. 2016ರ ಮಾರ್ಚ್ ಕಳೆದ ಮೇಲೆ ನನಗೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಆದರೂ ಇನ್ನೂ ಒಂಬತ್ತು ವರ್ಷ ಸುಮ್ಮನಿದ್ದೆ. ಯಾರಿಗೆ ಹೆದರಿದೆ ಎಂದು ಮಾಸ್ತಮ್ಮ ಕೇಳಿದಾಗ ಬಾಯಿ ಕಟ್ಟಿದ್ದು ಇದಕ್ಕೆ. ಮೊದಲು ಪಿಂಚಣಿಯ ಹೆದರಿಕೆ, ಆಮೇಲೆ ಇಷ್ಟು ತಡವಾಗಿ ಹೇಗೆ ಮುಖ ತೋರಿಸುವುದು ಎಂಬ ನಾಚಿಕೆ. ಪ್ರತಿ ವರ್ಷ ಆ ನಾಚಿಕೆ ಬೆಳೆಯುತ್ತ ಹೋಯಿತು. ನಿನ್ನ ತಂಡ ಬಂದು ಖಾತೆ ಮುಚ್ಚದಿದ್ದರೆ ನಾನು ಸಾಯುವವರೆಗೂ ಪಾಸ್‌ಬುಕ್ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಇದನ್ನು ನಿನಗೆ ಬರೆದು ತಿಳಿಸಬೇಕಿತ್ತು.

ಆದೇಶದ ಕೊನೆಯ ವಾಕ್ಯ ಹೀಗಿದೆ: "ಸದರಿ ಪ್ರಕರಣದಲ್ಲಿ ಸರ್ಕಾರಕ್ಕೆ ಯಾವುದೇ ಆರ್ಥಿಕ ನಷ್ಟ ಸಂಭವಿಸಿರುವುದಿಲ್ಲ. ಬದಲಾಗಿ ರೂ. 1,96,812 ಬಡ್ಡಿ ಜಮೆಯಾಗಿರುತ್ತದೆ." ಆ ಬಡ್ಡಿ ಯಾರ ಹಣದ ಮೇಲೆ ಹುಟ್ಟಿತು ಎಂಬುದಕ್ಕೆ ಇನ್ನು ಬೇರೆ ದಾಖಲೆ ಬೇಕಿಲ್ಲ. ನಿಯಮವಿಲ್ಲ ಎಂದು ನೀನು ಬರೆದಿದ್ದೆ, ಇರಲಿ. ಆ ಬಡ್ಡಿ ಕೊಡಿಸಬೇಕೆಂದು ಒಂಬತ್ತು ಮನೆಗಳ ಪರವಾಗಿ ಅರ್ಜಿ ಬರೆದು, ಆದೇಶದ ಪ್ರತಿ ಲಗತ್ತಿಸಿ, ನಿನ್ನೆ ಮರಳುಕೇರಿಗೆ ಹೋದೆ. ಅದರ ಒಂದು ಪ್ರತಿ ನಿಮ್ಮ ಕಚೇರಿಗೂ ಬರುತ್ತದೆ. ನೀನು ಸಂಬಂಧಿಯೆಂದು ಇನ್ನೊಮ್ಮೆ ಬರೆದುಕೊಡಬೇಕಾದೀತು.

ಮಾಸ್ತಮ್ಮ ಮನೆಯಲ್ಲಿದ್ದಳು. ಆದೇಶವನ್ನು ಓದಿ ಹೇಳಿದೆ. ಕೊನೆಯ ವಾಕ್ಯವನ್ನು ಎರಡು ಸಲ ಓದಿಸಿದಳು.

"ಯಾರಿಗೆ ನಷ್ಟ ಆಗ್ಲಿಲ್ಲ ಅಂತೆ?"

"ಸರ್ಕಾರಕ್ಕೆ."

"ಅದು ಸಮಾ ಬರ್ದಿದಾರೆ," ಎಂದಳು. ಆಮೇಲೆ ನನ್ನ ಕೈಯಿಂದ ಅರ್ಜಿ ತೆಗೆದುಕೊಂಡು, ಸಹಿ ಎಲ್ಲಿ ಹಾಕುವುದೆಂದು ಕೇಳಿದಳು.

ಸುಧಾಕರ ಮಾವ